ನೀಲಿ ಅದ್ದಿದ ಅಂಗಿ

ತಾತ ಬೋಸಯ್ಯನಿಗೆ ಅಕ್ಷರ ಬರುತ್ತಿರಲಿಲ್ಲ, ಗಾಳಿ ಓದಲು ಬರುತ್ತಿತ್ತು.
ಚಳ್ಳಕೆರೆಯಾಚೆ ಕಾವಲಿನ ಅಂಚಿನಲ್ಲಿ ನಿಂತು
ಹಿಡಿ ಮಣ್ಣು ಉದುರಿಸುವನು.
ಮಣ್ಣು ತನ್ನ ಮುಖಕ್ಕೇ ತೂರಿದರೆ ಹೆಜ್ಜೆ ಮುಂದೆ,
ಇಲ್ಲದಿದ್ದರೆ ಬೀಡಿಯೂ ಹಚ್ಚದೆ ಮನೆಗೆ.

ಕೆಮ್ಮು ಬಂದರೆ ನುಂಗುವನು.
ಬಂಡೆಯ ಪಕ್ಕ ಕೂತರೆ ಬಂಡೆ,
ಹುತ್ತದ ಪಕ್ಕ ನಿಂತರೆ ಇನ್ನೊಂದು ಹುತ್ತ;
ಓತಿಕ್ಯಾತ ಒಂದು ಸಲ ಅವನ ಹೆಗಲೇರಿ ಬಿಸಿಲು ಕಾಯಿಸಿತ್ತಂತೆ.
ಆದರೂ
ಕೂಗಳತೆಯಲ್ಲಿ ಮೇಯುತ್ತಿದ್ದ ಹಿರಿ ಹೆಣ್ಣೊಂದು ತಲೆಯೆತ್ತಿದ್ದೇ
ಇಡೀ ಮಂದೆ ಚಿಮ್ಮಿ, ನೆಲ ಮುಟ್ಟಿ, ಚಿಮ್ಮಿ,
ಬರಿಯ ದೂಳು.

ಕೆಂಪು ರುಮಾಲು ಕಂಡಿರಬೇಕು ಎಂದು
ರುಮಾಲು ಬಿಚ್ಚಿಟ್ಟ. ಮರುವಾರವೂ ದೂಳು.
ಯಾರೋ ಕಣ್ಣು ಹಾಕ್ಯಾರೆ ಎಂದು
ನಾಡಕೋವಿಗೆ ನಿಂಬೆಹಣ್ಣು ಕಟ್ಟಿದ. ದೂಳು.
ಹಟ್ಟಿಯ ಹುಡುಗರು ಅವನಿಗೆ
ದೂಳುಬೋಸಯ್ಯ ಎಂದು ಹೆಸರಿಟ್ಟರು.

ನಾನು ಹುಟ್ಟುವ ಹೊತ್ತಿಗೆ ಕಾನೂನು ಬಂದಿತ್ತು,
ಕೋವಿ ಠಾಣೆ ಸೇರಿತ್ತು.
ಈಗ ಅದೇ ಕಾವಲಿಗೆ ನಾನು ವಾಚರ್,
ಹೆಗಲ ಮೇಲೆ ಬರಿಯ ಕೋಲು.

ಹೋದ ಶ್ರಾವಣದಲ್ಲಿ ದುರ್ಗದಲ್ಲಿ ಟ್ರೇನಿಂಗು.
ದಪ್ಪ ಕನ್ನಡಕದ ಡಾಕ್ಟರಮ್ಮ ಹೇಳಿದರು:
ಕೆಂಪು, ಜಿಂಕೆಯ ಪಾಲಿಗೆ ಕೆಂಪಲ್ಲ,
ಒಣಹುಲ್ಲಿನ ಇನ್ನೊಂದು ಮಾಸಲು;
ರುಮಾಲು, ಕೇಸರಿ ಬಾವುಟ, ಬೇಲಿಯ ತೊಂಡೆಹಣ್ಣು, ಎಲ್ಲ ಹುಲ್ಲೇ.
ಕಿವಿಯ ಬುಡಕ್ಕೆ ಸರಿದ ಆ ಕಣ್ಣಿಗೆ
ಬೆನ್ನ ಹಿಂದಿನದೂ ಅರ್ಧ ಗೊತ್ತು.
ಅಲುಗದವನನ್ನು ಅದು ಗಿಡವೆಂದು ಮನ್ನಿಸುತ್ತದೆ.
ಆದರೆ ನೀಲಿ!
ನಮ್ಮ ಕಣ್ಣು ಕೈಬಿಟ್ಟ, ನೀಲಿಯಾಚೆಯ ಬೆಳಕೂ ಅದಕ್ಕೆ ಕಾಣುತ್ತದಂತೆ.
ಬಾಗಿಲು ಮುಚ್ಚಿ ಒಂದು ಕಪ್ಪು ದೀಪ ಹಚ್ಚಿದರು.
ನನ್ನ ಖಾಕಿಯೊಳಗಿನ ಬನಿಯನ್ನು, ಸೋಪಿನಪುಡಿಯಲ್ಲಿ ಒಗೆದದ್ದು,
ಕೊರಳ ಹತ್ತಿರ ಭಗ್ಗನೆ ಹೊತ್ತಿಕೊಂಡಿತು.
ಎಲ್ಲರೂ ನಕ್ಕರು. ನನಗೆ ಅಜ್ಜಿಯ ತಗಡಿನ ಬಕೆಟ್ಟು ನೆನಪಾಯಿತು.
ಇವತ್ತಿಗೂ ಅದರ ತಳ ನೀಲಿ.

ಹಟ್ಟಿಗೆ ಬಂದವನೇ ಕೇಳಿದೆ.
ಕಾಟಮ್ಮ ಹುಣಸೆಹಣ್ಣು ಜಜ್ಜುತ್ತಿದ್ದಳು, ತಲೆ ಎತ್ತಲಿಲ್ಲ.
"ಜಿಂಕೆ ಕಣ್ಣಿನ ಸುದ್ದಿ ನಂಗೇನ್ ಗೊತ್ತಪ್ಪ.
ಒಗೆದ ಅಂಗಿ ಹಾಕ್ಕೊಂಡ್ ಹೋದ್ ದಿನ ಬರಿಗೈಲಿ ಬರೋನು,
ಕೊಳೆ ಅಂಗೀಲಿ ಹೋದ್ ದಿನ ಹೊತ್ಕೊಂಡ್ ಬರೋನು.
ನಾ ಕಂಡಿದ್ದು ಅಷ್ಟೇಯ."
ಬೀಜವೊಂದು ಸಿಡಿದು ಒಲೆಯತ್ತ ಹೋಯಿತು.
"ಒಂದ್ಸಲ ತಂದಿದ್ದು ಬಸುರಿ.
ಕುಯ್ಯಾಕೆ ಕುಂತೋಳು ನಾನು.
ನಿಮ್ಮಪ್ಪ ಆಗ ನನ್ ಹೊಟ್ಟೇಲಿ, ಏಳು ತಿಂಗಳು."
ಆಮೇಲೆ?
"ಆಮೇಲೇನು. ಸಂತೇಲಿ ಎರಡಾಣೆ ನೀಲಿ ಜಾಸ್ತಿ ತಂದೆ.
ದಿನಾ ಅಂಗಿ ಒಗೆದೆ.
ಊರೋರು ಅಂದ್ರು, ಬೋಸಯ್ಯನ ಹೆಂಡ್ತಿ ಏನ್ ಚೊಕ್ಕ ಕಣಮ್ಮಾ ಅಂತ."

ತಾತನಿಗೆ ಗೊತ್ತಿತ್ತೇ ಎಂದು ಕೇಳಲು ಬಾಯಿ ಬರಲಿಲ್ಲ.
ಗಾಳಿ ಓದುವವನಿಗೆ
ನೀಲಿ ಹಿಡಿದ ಉಗುರು ಓದಲು ಬಾರದೇ?
ಇರುವ ಒಂದೇ ಫೋಟೋದಲ್ಲಿ ಅವನ ಅಂಗಿ
ಎಷ್ಟು ಬೆಳ್ಳಗೆಂದರೆ ಮುಖ ಸರಿಯಾಗಿ ಕಾಣುವುದಿಲ್ಲ.

ಇವತ್ತು ಬೆಳಿಗ್ಗೆ ಕಾವಲಿನಲ್ಲಿ
ಮಣ್ಣು ಉದುರಿಸಿದೆ, ಸುಮ್ಮನೆ. ಮುಖಕ್ಕೇ ಬಂತು.
ಹುತ್ತದ ಪಕ್ಕ ಹುತ್ತದಂತೆ ನಿಂತೆ.
ಹೆಣ್ಣೊಂದು ತಲೆಯೆತ್ತಿ, ನನ್ನ ಕೊರಳ ಹತ್ತಿರ ಏನನ್ನೋ ನೋಡಿ
ಮೆಲುಕು ನಿಲ್ಲಿಸಿತು.
ನಾನು ಕೊಲ್ಲುವವನಲ್ಲ, ಕಾಯುವವನು ಎನ್ನೋಣವೆಂದರೆ
ಅದಕ್ಕೆ ಅರ್ಥವಾಗುವ ಬಣ್ಣ ಯಾವುದು?
ಚಿಮ್ಮಿತು.
ದೂಳು.

ಓಡಲಿ, ಎಂದುಕೊಂಡೆ.
ಸಂಜೆ ಸೋಪಿನಪುಡಿ ತರಬೇಕು, ಮುಗಿದಿದೆ.