ಇಪ್ಪತ್ತೈದನೆಯ ಬೀಜ

ಸೊಹಾರಿನಲ್ಲಿ ಶುಕ್ರವಾರ ಬೆಳಿಗ್ಗೆ ಆರಕ್ಕೇ
ಬಿಸಿಲು ಹೆಗಲ ಮೇಲೆ ಕೈ ಹಾಕಿರುತ್ತದೆ.
ಒಣಹೊಳೆಯಾಚೆಯ ಬಯಲಿನಲ್ಲಿ ಕಲ್ಲು ಹೆಕ್ಕಿ,
ಒಡೆದ ಬಾಟಲಿ ಹೆಕ್ಕಿ, ಯಾರದೋ ಒಂಟಿ ಚಪ್ಪಲಿ ಹೆಕ್ಕಿ,
ಮ್ಯಾಟು ಹಾಸಿ, ಮೊಳೆ ಪೂರಾ ಬಡಿದು
ಬೆರಳಿಂದ ಒಂದೊಂದನ್ನೂ ಮುಟ್ಟಿ ನೋಡುತ್ತೇನೆ.
"ಅಂಪೈರಿಗೆ ಯಾಕೆ ಈ ಬಡಗಿ ಕೆಲಸ?"
ನಗುತ್ತಾರೆ ಅಪ್ಪಂದಿರು, ಕಾರಿನ ಏಸಿಯೊಳಗಿಂದ.

ಎಡಜೇಬಲ್ಲಿ ಖರ್ಜೂರದ ಬೀಜ, ಇಪ್ಪತ್ನಾಲ್ಕು.
ಎಸೆತಕ್ಕೊಂದು ಬಲಜೇಬಿಗೆ.
ಎಡಜೇಬು ಖಾಲಿಯಾದರೆ ಆ ಹುಡುಗನ ದಿನ ಮುಗಿಯಿತು,
ವಿಕೆಟ್ಟು ಬಿದ್ದಿರಲಿ, ಬೀಳದಿರಲಿ.

ವಾರವಿಡೀ ನಾನು ಬಂದರಿನ ಕ್ರೇನಿನವ.
ಅದರ ತೋಳಿಗೆ ಬರೆದು ಅಂಟಿಸಿದ್ದಾರೆ:
ಇಷ್ಟು ಚಾಚಿದರೆ ಇಷ್ಟೇ ಟನ್ನು.
ಮೀರಿದರೆ ಅದೇ ಕಿರುಚುತ್ತದೆ, ತಾನಾಗಿ ನಿಲ್ಲುತ್ತದೆ.
ಹನ್ನೆರಡು ವರ್ಷದ ಬೆನ್ನಿಗೆ
ಯಾರು ಏನು ಬರೆದು ಅಂಟಿಸಿದ್ದಾರೆ?
ಕಿರುಚಬೇಕಾದ್ದು ಅಪ್ಪನ ಮುಖ ನೋಡಿ
"ಏನಿಲ್ಲ ಅಂಕಲ್" ಅನ್ನುತ್ತದೆ.

ಹಾಗೆಯೇ ಅಂದಿದ್ದ ಹೋದ ವರ್ಷ ಲೆರಾಯ್.
ಒಂದೇ ಓವರು ಎಂದರು ಎಲ್ಲರೂ.
ಒಂದೇ ಅಲ್ಲವಾ ಎಂದೆ, ನಾನೂ.
ಆರು ತಿಂಗಳು ಸೊಂಟಕ್ಕೆ ಪಟ್ಟಿ ಬಿಗಿದು
ಗೆರೆಯಾಚೆ ಕೂತು ಸ್ಕೋರು ಬರೆದ.
ಏಳನ್ನು ಒಂದರ ಹಾಗೆ ಬರೆಯುತ್ತಿದ್ದ;
ನಾನು ತಿದ್ದಲಿಲ್ಲ.

ಇವತ್ತು ಮುಝೈನ್. ಇಪ್ಪತ್ನಾಲ್ಕೂ ಮುಗಿಯಿತು.
ಅವನಪ್ಪ ಬಾಗಿಲು ತೆರೆದು ಇಳಿದು ಬಂದರು,
ಹತ್ತು ಹೆಜ್ಜೆಗೇ ಅಂಗಿ ಬೆನ್ನಿಗೆ ಅಂಟಿ.
"ಇನ್ನೊಂದೇ ಓವರು ಮಾರಾಯ್ರೆ,
ನೋಡ್ಲಿಕ್ಕೆ ಮಸ್ಕತ್ತಿಂದ ಜನ ಬಂದಿದ್ದಾರೆ."
ಎಡಜೇಬನ್ನು ಹೊರಗೆಳೆದು ತೋರಿಸಿದೆ:
ಬಿಳಿ ಬಟ್ಟೆ, ಹೊಲಿಗೆ, ಚೂರು ಮರಳು.
"ಈ ಊರಲ್ಲಿ ಬೀಜಕ್ಕೆ ಬರವಾ!" ಎಂದು ಬಗ್ಗಿ
ನೆಲದಿಂದ ಒಂದನ್ನು ಹೆಕ್ಕಿ
ನನ್ನ ಅಂಗೈಯಲ್ಲಿಟ್ಟರು.

ಹುಡುಗ ನಮ್ಮಿಬ್ಬರನ್ನೂ ನೋಡಲಿಲ್ಲ.
ಒಂದು ಕೈಯಲ್ಲಿ ಚೆಂಡನ್ನು ತೊಡೆಗೆ ಉಜ್ಜುತ್ತಿದ್ದ.
ಇನ್ನೊಂದು ಕೈ, ಯಾರಿಗೂ ಕಾಣದು ಅಂದುಕೊಂಡು,
ಸೊಂಟದ ಹಿಂದೆ.
ನಾನು ನೋಡಿದೆ.
ಅವರೂ ನೋಡಿದರು.
ಚೆಂಡಿಗೆ ಮೊದಲು ಕೈ ಚಾಚಿದ್ದು ಅವರೇ.
ಆಮೇಲೆ ನನ್ನೊಡನೆ ಮಾತಾಡಲಿಲ್ಲ, ಅದು ಬೇರೆ.

ಭಾನುವಾರ, ನೆಲದಿಂದ ಅಷ್ಟೆತ್ತರದ ಗಾಜಿನ ಗೂಡಿನಲ್ಲಿ
ಕೀಲಿ ಹುಡುಕುವಾಗ ಬೆರಳಿಗೆ ಸಿಕ್ಕಿತು ಆ ಬೀಜ,
ಎಸೆಯದೆ ಉಳಿದ ಎಸೆತ.
ಕೆಳಗೆ ಕೊಕ್ಕೆಗೆ ಕಾಯುತ್ತಿತ್ತು ಒಂದು ಕಂಟೇನರು.
ತೂಕ ಓದಿದೆ. ಮತ್ತೊಮ್ಮೆ ಓದಿ
ಮೆಲ್ಲಗೆ ಎತ್ತಿದೆ.