ಹೆಗಲಿಗೆ ಎರಡು ಅಂಕಿ

ಅಳತೆ ಪುಸ್ತಕದ ಹದಿನೇಳನೆಯ ಹಾಳೆಯಲ್ಲಿ
ನಿನ್ನ ಹೆಸರಿದೆ, ರುಖಿಯಾ.
ಪೆನ್ಸಿಲಿನಲ್ಲಿ ಬರೆದದ್ದು, ಮಾಸಿದೆ, ಓದಬಹುದು:
ಎದೆ ಇಪ್ಪತ್ತೆರಡು. ತೋಳು ಹದಿನಾಲ್ಕು.
ಹೆಗಲು – ಇಲ್ಲಿ ಎರಡು ಅಂಕಿ.
ಬಲಕ್ಕೊಂದು, ಎಡಕ್ಕೊಂದು.
ಬೇರೆ ಯಾವ ಮಗುವಿಗೂ ಹೀಗೆ ಬರೆದವಳಲ್ಲ ನಾನು.

ಜೂನ್ ತಿಂಗಳು. ಶಿಡ್ಲಘಟ್ಟದ ಈ ಓಣಿಗೆ
ಸ್ಕೂಲಿನ ನೀಲಿ ಬಟ್ಟೆ ಥಾನುಗಟ್ಟಲೆ ಬಂದು ಬೀಳುವ ಕಾಲ.
ನಿಮ್ಮಮ್ಮ ಹಾಜಿರಾಬಿ
ರೀಲಿಂಗ್ ಬೇಸಿನ್ನಿನ ಮುಂದಿನಿಂದ ನೇರ ಎದ್ದು ಬಂದಿದ್ದಳು,
ಬೆರಳೆಲ್ಲ ಬಿಸಿನೀರಿಗೆ ಬೆಳ್ಳಗೆ ಸುಕ್ಕಾಗಿ,
ಸೆರಗಿನಲ್ಲಿ ಗೂಡು ಬೇಯುವ ವಾಸನೆ.
"ನೆಟ್ಟಗೆ ನಿಲ್ಲೇ" ಅಂದಳು.
ನೀನು ನಿಂತೆ.
ನಿನ್ನ ಮಟ್ಟಿಗೆ ಅದೇ ನೆಟ್ಟಗೆ.

ಕಿವಿಯ ಹತ್ತಿರಕ್ಕೆ ಏರಿದ ಹೆಗಲು,
ಮುಂದಕ್ಕೆ ಚಾಚಿದ ಕತ್ತು;
ಅಟ್ಟದ ಮೇಲಿನ ಡಬ್ಬಿ ಎಟುಕಿಸಿಕೊಳ್ಳುವವಳ ಹಾಗೆ
ಒಂದೊಂದು ಉಸಿರಿಗೂ ಇಡೀ ಮೈ ಎತ್ತುತ್ತಿದ್ದೆ.
ಬೆರಳ ಕೆಳಗೆ ಟೇಪು ಏರಿತು, ಇಳಿಯಿತು,
ಅಳತೆ ಒಂದು ಕಡೆ ನಿಲ್ಲಲಿಲ್ಲ.
"ದಮ್ಮು, ಅಕ್ಕಾ. ಮೂರು ತುಂಬಿದಾಗಿನಿಂದ."

ನಾನು ಜಾಣೆ. ಹಾಗಂದುಕೊಂಡಿದ್ದೆ.
ತಗ್ಗಿದ ಹೆಗಲಿಗೆ ಹತ್ತಿ ತುಂಬಿದೆ,
ಬೆನ್ನಿಗೊಂದು ಮಡಿಕೆ ಕೊಟ್ಟೆ,
ಲಂಗದ ಅಂಚನ್ನು ಒಂದು ಕಡೆ ಬೆರಳಗಲ ಇಳಿಸಿದೆ.
ಹಾಕಿಕೊಂಡು ನಿಂತರೆ ಯಾರಿಗೂ ತಿಳಿಯದು.
ನಿಮ್ಮಮ್ಮ ಕಣ್ಣೊರೆಸಿಕೊಂಡಳು.
ಕೂಲಿಯಲ್ಲಿ ಇಪ್ಪತ್ತು ರೂಪಾಯಿ ಬಿಟ್ಟೆನೆಂದು
ವಾರವೆಲ್ಲ ಹಿಗ್ಗಿದ್ದೆ.
ಹೀಗೇ ಮೂರು ಜೂನು, ಮೂರು ಜೊತೆ.

ಆಮೇಲೆ ಆಗಸ್ಟ್ ಹದಿನೈದರ ಕವಾಯತು.
ಎಲ್ಲರೂ ಎಡಗಾಲೆತ್ತಿದಾಗ
ನೀನು ಪಕ್ಕದವಳ ಮೇಲೆ ಬಿದ್ದೆಯಂತೆ,
ಅವಳು ತನ್ನ ಪಕ್ಕದವಳ ಮೇಲೆ,
ಸಾಲಿಗೆ ಸಾಲೇ.
ಮಕ್ಕಳು ನಕ್ಕರು. ನೀನೂ ನಕ್ಕೆಯಂತೆ.
ಮೂರು ದಿನ ಸ್ಕೂಲಿಗೆ ಹೋಗಲಿಲ್ಲ.

ಬೇಸಿನ್ನಿನ ಒಲೆ ಆರಿಸುವಂತಿಲ್ಲ ನಿಮ್ಮಮ್ಮ;
ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕರೆದೊಯ್ದವಳು ನಾನು.
ವ್ಯಾಯಾಮ ಹೇಳಿಕೊಡುವ ಡಾಕ್ಟರು, ಮೀಸೆ ಇನ್ನೂ ಗಟ್ಟಿಯಾಗದ ಹುಡುಗ,
ನಿನ್ನ ಹೆಗಲು ಒತ್ತಿ ನೋಡಿದ. ಹತ್ತಿ ಸಿಕ್ಕಿತು.
"ಇದನ್ನ ಹೊಲಿದೋರು ಯಾರು?"
ನಾನು ಚೀಲದ ಜಿಪ್ಪು ಎಳೆದೆ, ಮುಚ್ಚಿದೆ, ಎಳೆದೆ.
"ಕೈ ಚೆನ್ನಾಗಿದೆ" ಅಂದ, ಅಷ್ಟೇ.

ಒಂಟಿ ಕಾಲಲ್ಲಿ ನಿಲ್ಲಿಸಿ ಎಣಿಸಿದ.
ಕಣ್ಣು ಬಿಟ್ಟುಕೊಂಡು ಆರು.
ಕಣ್ಣು ಮುಚ್ಚಿ – ಎರಡು ಅನ್ನುವಷ್ಟರಲ್ಲಿ
ನನ್ನ ತೋಳಿನಲ್ಲಿ ನಿನ್ನ ಉಗುರಿತ್ತು.
ಅವನು ಚಿತ್ರ ಬರೆದು ಹೇಳಿದ್ದು ನನಗೆ ತಿಳಿದದ್ದು ಇಷ್ಟು:
ಬೆನ್ನು ಹಿಡಿದು ನಿಲ್ಲಿಸಬೇಕಾದ ಮಾಂಸಖಂಡಗಳೆಲ್ಲ
ಹಗಲೂ ರಾತ್ರಿ ಉಸಿರೆಳೆಯುವ ಕೂಲಿಗೆ ಹೋಗಿವೆ,
ಮನೆಯಲ್ಲಿ ಯಾರೂ ಇಲ್ಲ.

ಅವತ್ತು ರಾತ್ರಿ ಬ್ಲೇಡು ಹಿಡಿದು ಕೂತೆ.
ಹತ್ತಿ ಹೊರಬಂತು, ಬೆವರು ಕುಡಿದು ಹೆಂಟೆಯಾಗಿ.
ಮಡಿಕೆ ಬಿಚ್ಚಿದ ಕಡೆ
ಬಟ್ಟೆ ಹೊಸದರ ಹಾಗೆ ನೀಲಿಯಾಗಿತ್ತು.

ಈಗ ಸಂಜೆ ನೀನು ನನ್ನ ಜಗಲಿಗೆ ಬರುತ್ತೀ,
ಪಂಪು ಎಳೆದುಕೊಂಡು, ಬಾಯಿ ಮುಕ್ಕಳಿಸಿ,
ಮಿಷನ್ನಿನ ಅಂಚಿಗೆ ಒಂದೇ ಬೆರಳು ಊರಿ
ಕೊಕ್ಕರೆಯ ಹಾಗೆ ನಿಲ್ಲುತ್ತೀ.
ನಾನು ಪೆಡಲು ತುಳಿಯುತ್ತ ಎಣಿಸುತ್ತೇನೆ.
ಬಾಗಿಲ ಚೌಕಟ್ಟಿನಲ್ಲಿ ಗುರುತಿನ ಚಾಕಿನ ಗೆರೆ, ಎಡಕ್ಕೊಂದು, ಬಲಕ್ಕೊಂದು;
ಹತ್ತಿರ ಬಂದಿವೆ ಅಂತ ನಿಮ್ಮಮ್ಮ ಅನ್ನುತ್ತಾಳೆ, ನನಗೆ ಕಾಣದು.
ಓಣಿಯಲ್ಲಿ ಹೊಗೆ ಕವಿದ ದಿನ
ಮೂರಕ್ಕೇ ಕಾಲು ಇಳಿಯುತ್ತದೆ.
ನಿನ್ನೆ ಹನ್ನೊಂದು ಅಂದೆ ನೀನು. ನನ್ನ ಲೆಕ್ಕ ಒಂಬತ್ತು.
ಜಗಳವಾಯಿತು.

ಕೋಪಕ್ಕೋ ಏನೋ, ಹಿಂದಿನಿಂದ ನನ್ನನ್ನೇ ನೋಡಿ
"ಅಕ್ಕಾ, ನೀವೂ ವಾಲ್ತೀರಾ" ಅಂದೆ.
ಇಪ್ಪತ್ತಾರು ವರ್ಷ ಒಂದೇ ಕಾಲಲ್ಲಿ ತುಳಿದ ಸೊಂಟ.
ಟೇಪು ಕಸಿದುಕೊಂಡು ಸ್ಟೂಲು ಹತ್ತಿದೆ,
ನಡುಗಿದೆ, ಹಿಡಿಯಲು ಬಂದ ನನ್ನ ಕೈ ತಳ್ಳಿದೆ,
ನಾಲಿಗೆ ಹಲ್ಲಲ್ಲಿ ಕಚ್ಚಿ ಅಳೆದೆ.

ಎರಡು ಅಂಕಿ ಬಂತು.
ಅದೇ ಹಾಳೆಯಲ್ಲಿ, ನಿನ್ನ ಹೆಸರ ಕೆಳಗೆ
ಜಾಗವಿದೆ, ಬರಿ ಅಂದೆ.