ಹಾಜರಿ

ಯಂತ್ರಗಳಿಗೇನೂ ಆಗಿರಲಿಲ್ಲ.
ನೂರಾ ನಲವತ್ತಮೂರೂ ತಮ್ಮ ಪಾಡಿಗೆ ಉಸಿರಾಡುತ್ತಿದ್ದವು.
ದೋಣಿಯ ಟಿಕೆಟ್ಟು, ಆಸ್ಪತ್ರೆಯ ಸರದಿ, ಮೀನಿನ ತೂಕ
ಯಾವುದೂ ನಿಂತಿರಲಿಲ್ಲ ತೋರ್ಸ್‌ಹಾವ್ನ್‌ನಲ್ಲಿ.
ಸತ್ತದ್ದು ಅವುಗಳ ಹೆಸರು ಬರೆದಿಟ್ಟ ಡೇಟಾಬೇಸು ಮಾತ್ರ.
ಮಕ್ಕಳೆಲ್ಲ ತರಗತಿಯಲ್ಲೇ ಇದ್ದಾರೆ,
ಹಾಜರಿ ಪುಸ್ತಕಕ್ಕೆ ಗೆದ್ದಲು ಹಿಡಿದಿದೆ;
ಯಾರನ್ನು ಏನೆಂದು ಕೂಗಲಿ?

ಬ್ಯಾಕಪ್ ಇದೆ, ಅಂದಳು ಸುನ್ವಾ, ಹನ್ನೊಂದು ದಿನದ ಹಿಂದಿನದು.
ಆಮೇಲಿನವು ಬರೀ ಖಾಲಿ ಕಡತ.
ಇದೆ. ಬೀಗದೊಳಗಿದೆ.
ಬೀಗದ ಮಾತು ಗೊತ್ತಿದ್ದವನು ಮಾರ್ನರ್.
ಅವನನ್ನು ಕೆಲಸದಿಂದ ತೆಗೆದದ್ದು ಹತ್ತು ದಿನದ ಹಿಂದೆ,
ಕಾರಣ: ವೆಚ್ಚ ಕಡಿತ,
ಕೆಳಗಿನ ರುಜು ನನ್ನದು.

ರಾತ್ರಿ ಮೂರು. ಕಿಟಕಿಯಾಚೆ ಬಂದರು ಮಂಜಿನಲ್ಲಿ ಕರಗಿ
ಒಂದು ಕೆಂಪು ದೀಪ ಮಾತ್ರ, ಯಾರದೋ.
ಎರಡನೇ ಸಲಕ್ಕೆ ಫೋನು ಎತ್ತಿದ.
ಬೈಯಲಿಲ್ಲ. ಕಷ್ಟವಾದದ್ದು ಅದೇ.
ಬರೆದುಕೋ, ಎಂದ, ಇನ್ನೂ ನಿದ್ದೆ ಹರಿಯದ ದನಿಯಲ್ಲಿ:
ಒಂದು ಕುರಿಯ ಹೆಸರು,
ಅದು ಕಡಲ ಬಂಡೆಯಿಂದ ಬಿದ್ದ ವರ್ಷ,
ನಡುವೆ ಒಂದಕ್ಷರ ಬೇಕೆಂದೇ ತಪ್ಪು.
ತಪ್ಪನ್ನು ತಿದ್ದಬೇಡ, ಎಂದ. ನೀನು ತಿದ್ದುತ್ತೀ, ಗೊತ್ತು.

ತಿದ್ದಿದೆ. ತೆರೆಯಲಿಲ್ಲ.
ತಪ್ಪಾಗಿ ಬರೆದೆ. ತೆರೆಯಿತು.

ಶೇಕಡಾ ಅರವತ್ತರಲ್ಲಿ ನಿಂತು, ಹೆದರಿಸಿ, ಮುಂದೆ ಹೋಯಿತು.
ಸುನ್ವಾ ಒಣಗಿಸಿದ ಮಾಂಸ ಸೀಳಿ ಸೀಳಿ ತಿನ್ನುತ್ತಿದ್ದಳು,
ತಗೋ ಅಂದಳು. ಕುರಿಯದು. ಬೇಡವೆಂದೆ.

ಐದೂವರೆಗೆ ಹೆಸರುಗಳು ಬಂದವು,
ಹಸಿರು, ಹಸಿರು, ಹಸಿರು.
ಸೋಮವಾರ ಗುಜರಿಗೆ ಹಾಕಿದ ಎರಡು
ಇಲ್ಲದ ಜಾಗದಿಂದ ಕೆಂಪಗೆ ಕೂಗಿದವು:
ಉತ್ತರವಿಲ್ಲ, ಉತ್ತರವಿಲ್ಲ.
ಮೊನ್ನೆ ಬಂದ ಹೊಸದು ಪಟ್ಟಿಯಲ್ಲೇ ಇಲ್ಲ;
ಇಡೀ ಆಸ್ಪತ್ರೆಯನ್ನು ಹೊತ್ತು ನಿಂತಿದೆ,
ನೀನು ಯಾರೆಂದು ಕೇಳಿಸಿಕೊಳ್ಳುತ್ತ.

ಬಳಕೆದಾರರ ಪುಟ ತೆರೆದರೆ
ಎಲ್ಲರಿಗಿಂತ ಮೇಲೆ ಮಾರ್ನರ್, ಪೂರ್ಣ ಅಧಿಕಾರ,
ಏನೂ ಆಗದವನ ಹಾಗೆ.
ನಿಯಮ ಗೊತ್ತು. ಅಳಿಸಬೇಕು, ಇನ್ನೊಮ್ಮೆ.
ಹೋದ ಸಲ ಅರೆಕ್ಷಣದ ಕೆಲಸ,
ಕಾಫಿ ಕೂಡ ಕೆಳಗಿಟ್ಟಿರಲಿಲ್ಲ.

ಎಲ್ಲ ಬಂತಾ, ಸುನ್ವಾ ಕೇಳಿದಳು.
ಇರು, ಮೊದಲು ಹೊಸದಕ್ಕೊಂದು ಹೆಸರಿಡೋಣ, ಅಂದೆ.
ಕುರಿಯ ಹೆಸರನ್ನೇ ಇಟ್ಟೆ,
ಸರಿಯಾದ ಕಾಗುಣಿತದಲ್ಲಿ.